ಗುರುತ್ವ ಅಲೆ ಹಿಡಿಯುವುದು ಹೇಗೆ? ಕಾರವಾರದಲ್ಲಿ ಹಿಡಿಯಬಹುದೇ?

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದಲ್ಲಿ ಇರುವವರು. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ಗುರುತ್ವ ಅಲೆಗಳು ನಮ್ಮ ಮೈಯೊಳಗಿಂದಲೇ ಹಾದುಹೋಗುತ್ತವೆ ಎಂದು ಮಗಳು ಎಲ್ಲೋ ಓದಿಕೊಂಡು ಬಂದಿದ್ದಾಳೆ. ಹಾಗಾದರೆ ನಮಗೆ ಯಾಕೆ ಗೊತ್ತಾಗುವುದಿಲ್ಲ? ಸಮುದ್ರದ ಉಬ್ಬರ ಇಳಿತವೂ ಚಂದ್ರನ ಗುರುತ್ವದಿಂದಲೇ ಅಲ್ವಾ, ಅದೂ ಇದೂ ಒಂದೇನಾ? ಶಿರಸಿಯಲ್ಲಿರುವ ನಮ್ಮ ಭಾವ, "ಮನೆ ಮುಂದೆ ಲಾರಿ ಹೋದರೆ ಕಿಟಕಿ ಅದುರುತ್ತದೆ. ಇಷ್ಟು ಸಣ್ಣದನ್ನು ಇವರು ಹೇಗೆ ಅಳೆದರು? ಸುಮ್ನೆ ಹೇಳ್ತಾರೆ" ಎನ್ನುತ್ತಾರೆ. ಮಗನ ಪ್ರಶ್ನೆಯೇ ಬೇರೆ: ಅಂಥ ಯಂತ್ರವನ್ನು ಕಾರವಾರದಲ್ಲಿ ಯಾಕೆ ಕಟ್ಟಬಾರದು? ಮನೆಯವರೆಲ್ಲ ಕೂತು ಓದುವ ಹಾಗೆ ಉತ್ತರ ಕೊಡಿ.

ಉತ್ತರ: ನಾಲ್ಕರಲ್ಲಿ ಗಟ್ಟಿ ಪ್ರಶ್ನೆ ನಿಮ್ಮ ಭಾವನವರದು. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಲಾರಿ, ರೈಲು, ಸಮುದ್ರ, ಗಾಳಿ ಇವೆಲ್ಲದರ ಅದುರಾಟವನ್ನು ಬದಿಗೆ ಸರಿಸುವುದೇ ಈ ವಿಜ್ಞಾನದಲ್ಲಿ ಮುಕ್ಕಾಲು ಪಾಲು ಕೆಲಸ. ಅದಕ್ಕೂ ಮೊದಲು ಅಲೆ ಅಂದರೇನು ಎಂಬುದನ್ನು ಒಂದು ಆಟದಲ್ಲಿ ನೋಡಿಬಿಡೋಣ.

ರಜೆಗೆ ಶಿರಸಿಯ ಮಕ್ಕಳೂ ಬಂದಾಗ ಎಂಟು ಜನರನ್ನು ಒಟ್ಟು ಮಾಡಿಕೊಂಡು ಟ್ಯಾಗೋರ್ ಬೀಚಿಗೆ ಹೋಗಿ. ಒದ್ದೆ ಮರಳಿನ ಮೇಲೆ ದೊಡ್ಡದೊಂದು ವೃತ್ತ ಎಳೆಯಿರಿ. ಗೆರೆಯ ಮೇಲೆ ಎಲ್ಲರೂ ಸಮ ಅಂತರದಲ್ಲಿ ನಿಲ್ಲಲಿ. ಒಬ್ಬರು ಸಮುದ್ರದ ಕಡೆ, ಅವರ ಎದುರಿನವರು ರಸ್ತೆಯ ಕಡೆ. ಇನ್ನೊಬ್ಬರು ಕಾಳಿ ನದಿಯ ಕಡೆ, ಅವರ ಎದುರಿನವರು ಬೈತಖೋಲದ ಕಡೆ. ಒಂದು ಚಪ್ಪಾಳೆಗೆ ಸಮುದ್ರದ ಕಡೆಯವರೂ ರಸ್ತೆಯ ಕಡೆಯವರೂ ಒಂದು ಹೆಜ್ಜೆ ಹೊರಗೆ ಹೋಗಲಿ, ಕಾಳಿಯ ಕಡೆಯವರೂ ಬೈತಖೋಲದ ಕಡೆಯವರೂ ಒಂದು ಹೆಜ್ಜೆ ಒಳಗೆ ಬರಲಿ. ನಡುವೆ ನಿಂತವರು ಮೊಟ್ಟೆಯಾಕಾರ ಕೆಡದಂತೆ ಸ್ವಲ್ಪ ಸರಿದುಕೊಳ್ಳಲಿ. ಮುಂದಿನ ಚಪ್ಪಾಳೆಗೆ ಎಲ್ಲ ತಿರುಗುಮುರುಗು. ಹೀಗೆ ಚಪ್ಪಾಳೆ ತಟ್ಟುತ್ತಾ ಹೋದರೆ ವೃತ್ತ ಒಮ್ಮೆ ಅತ್ತ ಹಿಗ್ಗಿ ಇತ್ತ ಕುಗ್ಗುತ್ತದೆ, ಇನ್ನೊಮ್ಮೆ ಇತ್ತ ಹಿಗ್ಗಿ ಅತ್ತ ಕುಗ್ಗುತ್ತದೆ.

ನೆತ್ತಿಯ ಮೇಲಿನಿಂದ ನೇರ ಕೆಳಗೆ ಒಂದು ಗುರುತ್ವ ಅಲೆ ಇಳಿದು ಬಂದರೆ ಆಗುವುದು ಇದೇ. ಒಂದೇ ವ್ಯತ್ಯಾಸ. ಆಟದಲ್ಲಿ ಮಕ್ಕಳು ಹೆಜ್ಜೆ ಇಟ್ಟರು. ನಿಜವಾದ ಅಲೆಯಲ್ಲಿ ಯಾರೂ ಹೆಜ್ಜೆ ಇಡುವುದಿಲ್ಲ, ನಡುವಿನ ಜಾಗವೇ ಹಿಗ್ಗಿ ಕುಗ್ಗುತ್ತದೆ. ಜಾಗಕ್ಕೆ ಹೀಗೆ ಬಾಗುವ, ಹಿಗ್ಗುವ ಗುಣ ಇದೆ ಎಂದು ಐನ್‌ಸ್ಟೈನ್ 1915ರಲ್ಲಿ ಹೇಳಿದರು. ಭಾರೀ ವಸ್ತುಗಳು ಒಂದನ್ನೊಂದು ಸುತ್ತಿದರೆ ಈ ಹಿಗ್ಗು ಕುಗ್ಗು ಅಲೆಯಾಗಿ ಬೆಳಕಿನ ವೇಗದಲ್ಲಿ ಹೊರಗೆ ಹರಡುತ್ತದೆ ಎಂದು 1916ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಉಬ್ಬರ ಇಳಿತದ ಪ್ರಶ್ನೆ ಚೆನ್ನಾಗಿದೆ, ಯಾಕೆಂದರೆ ಆಕಾರದಲ್ಲಿ ಎರಡೂ ಹತ್ತಿರದ ನೆಂಟರು. ಚಂದ್ರ ತನ್ನ ಕಡೆಗಿರುವ ನೀರನ್ನು ಜಾಸ್ತಿ ಎಳೆಯುತ್ತಾನೆ, ಆಚೆ ಬದಿಯದನ್ನು ಕಡಿಮೆ ಎಳೆಯುತ್ತಾನೆ. ಹಾಗಾಗಿ ಸಮುದ್ರ ಚಂದ್ರನ ದಿಕ್ಕಿನಲ್ಲಿ ಹಿಗ್ಗುತ್ತದೆ, ಅಡ್ಡ ದಿಕ್ಕಿನಲ್ಲಿ ಕುಗ್ಗುತ್ತದೆ. ಆದರೆ ಈ ಹಿಗ್ಗು ಚಂದ್ರನಿಗೆ ಅಂಟಿಕೊಂಡದ್ದು. ಚಂದ್ರ ಹೋದಲ್ಲಿ ಅದೂ ಹೋಗುತ್ತದೆ. ಗುರುತ್ವ ಅಲೆ ಹಾಗಲ್ಲ. ಹುಟ್ಟಿಸಿದ ವಸ್ತುವನ್ನು ಬಿಟ್ಟು ಹೊರಟರೆ ಮತ್ತೆ ಅದರ ಹಂಗಿಲ್ಲ. 2015ರಲ್ಲಿ ನಾವು ಹಿಡಿದ ಮೊದಲ ಅಲೆ ಸುಮಾರು 130 ಕೋಟಿ ವರ್ಷ ದಾರಿ ಸವೆಸಿ ಬಂದದ್ದು. ಅದನ್ನು ಹುಟ್ಟಿಸಿದ ಎರಡು ಕಪ್ಪುಕುಳಿಗಳು (ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಗುರುತ್ವ ಇರುವ ಕಾಯಗಳು) ಆಗಲೇ ಕೂಡಿ ಒಂದಾಗಿ ಹೋಗಿದ್ದವು.

ಇನ್ನು ಮಗಳ ಪ್ರಶ್ನೆ. ನಮಗೆ ಯಾಕೆ ಗೊತ್ತಾಗುವುದಿಲ್ಲ? ಅಲೆ ಅಷ್ಟು ಸಣ್ಣದು, ಅಷ್ಟೇ. ಆ ಮೊದಲ ಅಲೆ ಭೂಮಿಯನ್ನು ಹಾದಾಗ ನಾಲ್ಕು ಕಿಲೋಮೀಟರ್ ಉದ್ದದಲ್ಲಿ ಆದ ಬದಲಾವಣೆ ಒಂದು ಪ್ರೋಟಾನಿನ ಅಗಲದ ನೂರಾರು ಪಾಲಿನಲ್ಲಿ ಒಂದು ಪಾಲು. ಪ್ರೋಟಾನ್ ಅಂದರೆ ಪರಮಾಣುವಿನ ನಟ್ಟನಡುವಿನ ಬೀಜದಲ್ಲಿರುವ ಕಣ. ಬೇರೆ ಲೆಕ್ಕದಲ್ಲಿ ಹೇಳುವುದಾದರೆ, ಇಲ್ಲಿಂದ ಸೂರ್ಯನವರೆಗಿನ 15 ಕೋಟಿ ಕಿಲೋಮೀಟರ್ ದೂರ ಒಂದು ಪರಮಾಣುವಿನ ಅಗಲದಷ್ಟು ಹೆಚ್ಚು ಕಡಿಮೆ ಆಯಿತು. ಹುಟ್ಟಿದ ಜಾಗದಲ್ಲಿ ಆ ಅಲೆ ಬಡವಾಗಿರಲಿಲ್ಲ. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟು ತೂಕದ ಒಂದಾದವು. ಕೂಡಿಸಿ ನೋಡಿ, ಮೂರು ಸೂರ್ಯರ ತೂಕ ಕಡಿಮೆ ಬರುತ್ತದೆ. ಅಷ್ಟೂ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅಲೆಯಾಗಿ ಹೋಯಿತು. ಆ ಕ್ಷಣದ ಮಟ್ಟಿಗೆ ಅದರ ಶಕ್ತಿ ನಮಗೆ ಕಾಣುವ ವಿಶ್ವದ ಎಲ್ಲ ನಕ್ಷತ್ರಗಳ ಬೆಳಕನ್ನೂ ಮೀರಿಸಿತ್ತು. ಇಷ್ಟೆಲ್ಲ ಆದರೂ ಇಲ್ಲಿಗೆ ತಲುಪುವಾಗ ಪ್ರೋಟಾನಿನ ಚೂರು! ಜಾಗ ಅನ್ನುವುದು ಸುಲಭಕ್ಕೆ ಬಗ್ಗುವುದಿಲ್ಲ.

ಈಗ ಯಂತ್ರಕ್ಕೆ ಬರೋಣ. ಅದರ ಹೆಸರು ಲೈಗೊ. ಅಮೆರಿಕದಲ್ಲಿ ಎರಡು ಕಡೆ ಇದೆ, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಮತ್ತು ಲೂಸಿಯಾನಾದ ಲಿವಿಂಗ್‌ಸ್ಟನ್‌ನಲ್ಲಿ. ನಡುವೆ ಸುಮಾರು 3000 ಕಿ.ಮೀ. ದೂರ. ಮತ್ತೆ ನಮ್ಮ ಮರಳಿನ ವೃತ್ತ ನೆನಪಿಸಿಕೊಳ್ಳಿ. ಸಮುದ್ರದ ಕಡೆ ನಿಂತ ಹುಡುಗನ ಜಾಗದಲ್ಲಿ ಒಂದು ಕನ್ನಡಿ. ಕಾಳಿಯ ಕಡೆ ನಿಂತ ಹುಡುಗಿಯ ಜಾಗದಲ್ಲಿ ಇನ್ನೊಂದು ಕನ್ನಡಿ. ವೃತ್ತದ ನಡುವಿನಿಂದ ಎರಡೂ ಕಡೆಗೆ ಲೇಸರ್ ಬೆಳಕು. ಒಂದೊಂದು ತೋಳೂ ನಾಲ್ಕು ಕಿ.ಮೀ. ಉದ್ದ. ಬೆಳಕು ಓಡಾಡುವುದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ಉಕ್ಕಿನ ಕೊಳವೆಯೊಳಗೆ, ಗಾಳಿಯನ್ನೆಲ್ಲ ಹೊರಗೆ ಎಳೆದ ನಿರ್ವಾತದಲ್ಲಿ. ಬೆಳಕೂ ಒಂದು ಬಗೆಯ ಅಲೆ, ಅದಕ್ಕೂ ಏರು ಇಳಿವು ಇದೆ. ಹೋಗಿ ಬಂದ ಎರಡು ಬೆಳಕುಗಳು ನಡುವೆ ಕೂಡುವಾಗ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಕೂರುವ ಹಾಗೆ ಹೊಂದಿಸಿರುತ್ತಾರೆ. ಎರಡೂ ಪರಸ್ಪರ ಅಳಿಸಿಕೊಂಡು ಅಲ್ಲಿ ಕತ್ತಲೆ. ಗುರುತ್ವ ಅಲೆ ಬಂದರೆ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಹೊಂದಾಣಿಕೆ ತಪ್ಪಿ ಸ್ವಲ್ಪ ಬೆಳಕು ಸೋರುತ್ತದೆ. ಆ ಸೋರಿದ ಬೆಳಕೇ ನಮಗೆ ಬೇಕಾದ ಸುದ್ದಿ. ಬೆಳಕು ಪ್ರತಿ ತೋಳಿನಲ್ಲಿ ಸುಮಾರು 300 ಸಲ ಓಡಾಡುವಂತೆ ಮಾಡಿ, ನಾಲ್ಕು ಕಿ.ಮೀ. ತೋಳನ್ನು ಸಾವಿರ ಕಿ.ಮೀ.ಗೂ ಮಿಕ್ಕಿದಂತೆ ಬಳಸಿಕೊಳ್ಳುತ್ತಾರೆ.

ಚುರುಕಾದ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜಾಗ ಹಿಗ್ಗಿದರೆ ಅದರೊಳಗಿನ ಬೆಳಕೂ ಹಿಗ್ಗುತ್ತದಲ್ಲ? ಅಳತೆಗೋಲೇ ಉದ್ದವಾದ ಮೇಲೆ ಅಳೆಯುವುದು ಹೇಗೆ? ದೊಡ್ಡ ದೊಡ್ಡವರೂ ತಲೆ ಕೆರೆದುಕೊಂಡ ಪ್ರಶ್ನೆ ಇದು. ಉತ್ತರ ಸಮಯದಲ್ಲಿದೆ. ತೋಳಿನೊಳಗೆ ಒಂದೇ ಬೆಳಕು ಸದಾ ಕೂತಿರುವುದಿಲ್ಲ. ಹಳೆಯದು ಹೊರಗೆ ಬರುತ್ತಾ ಹೊಸದು ಒಳಗೆ ಹೋಗುತ್ತಾ ಇರುತ್ತದೆ. ಬೆಳಕಿನ ವೇಗವಂತೂ ಬದಲಾಗುವುದಿಲ್ಲ. ಹಾಗಾಗಿ ಉದ್ದವಾದ ತೋಳಿಗೆ ಹೋದ ಹೊಸ ಬೆಳಕು ಚೂರು ತಡವಾಗಿ ಬರುತ್ತದೆ, ಗಿಡ್ಡವಾದ ತೋಳಿಗೆ ಹೋದದ್ದು ಚೂರು ಬೇಗ. ಲೈಗೊ ಹೋಲಿಸುವುದು ಈ ಬೇಗ ಮತ್ತು ತಡವನ್ನು.

ಕನ್ನಡಿಯೇ ಅಣುಗಳಿಂದ ಆದದ್ದು, ಅವು ಸದಾ ಕುಣಿಯುತ್ತಿರುತ್ತವೆ, ಹಾಗಿದ್ದ ಮೇಲೆ ಪ್ರೋಟಾನಿಗಿಂತ ಸಣ್ಣದನ್ನು ಅಳೆಯುವುದು ಹೇಗೆ ಎಂದೂ ಕೇಳಬಹುದು. ಲೇಸರ್ ಬೀಳುವುದು ಅಂಗೈಯಷ್ಟು ಅಗಲದ ಜಾಗದ ಮೇಲೆ. ಅಷ್ಟು ಜಾಗದಲ್ಲಿರುವ ಅಣುಗಳ ಕುಣಿತ ಒಟ್ಟಾರೆ ಸರಾಸರಿಯಲ್ಲಿ ಕಳೆದುಹೋಗುತ್ತದೆ.

ಇನ್ನು ಭಾವನವರ ಲಾರಿ. ಅವರು ಹೇಳುವುದು ಸರಿ. ಲಾರಿ ಯಾಕೆ, ಸಮುದ್ರವೇ ಸಾಕು. ಅಲೆಗಳು ದಡಕ್ಕೆ ಬಡಿಯುವಾಗ, ಒಂದಕ್ಕೊಂದು ಎದುರಾಗುವಾಗ, ನೆಲ ಐದು ಹತ್ತು ಸೆಕೆಂಡಿಗೊಮ್ಮೆ ಮೆಲ್ಲಗೆ ಏರಿ ಇಳಿಯುತ್ತಿರುತ್ತದೆ. ದಡದಲ್ಲಿ ಮಾತ್ರ ಅಲ್ಲ, ಖಂಡದ ಒಳಗೂ ಇದು ತಲುಪುತ್ತದೆ. ಭೂಕಂಪ ಅಳೆಯುವ ಯಂತ್ರಗಳಲ್ಲೆಲ್ಲ ಈ ಏರಿಳಿತ ಹಗಲು ರಾತ್ರಿ ಕಾಣುತ್ತದೆ. ನಮಗೆ ಬೇಕಾದ ಅಲೆಗಿಂತ ಇದು ಸಾವಿರಾರು ಕೋಟಿ ಪಟ್ಟು ದೊಡ್ಡದು. ಇದು ಸಾಲದು ಎಂಬಂತೆ ನಿಮ್ಮ ಉಬ್ಬರ ಇಳಿತದ ಚಂದ್ರ ಅಲ್ಲಿಗೂ ಬರುತ್ತಾನೆ. ಅವನು ನೀರನ್ನಷ್ಟೇ ಅಲ್ಲ, ಗಟ್ಟಿ ನೆಲವನ್ನೂ ಎಳೆಯುತ್ತಾನೆ. ಅದರಿಂದ ಲೈಗೊದ ತೋಳು ದಿನವೂ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಉದ್ದ ಗಿಡ್ಡ ಆಗುತ್ತದೆ. ಅದನ್ನು ಸರಿಪಡಿಸುತ್ತಲೇ ಇರಬೇಕು.

ಮೊದಲ ಉಪಾಯವನ್ನು ಮನೆಯಲ್ಲೇ ನೋಡಬಹುದು. ಒಂದು ಬೀಗವನ್ನು ಮೊಳದುದ್ದದ ದಾರಕ್ಕೆ ಕಟ್ಟಿ ಹಿಡಿಯಿರಿ. ಕೈಯನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿದರೆ ಬೀಗವೂ ಜೊತೆಗೆ ಬರುತ್ತದೆ. ಈಗ ಕೈಯನ್ನು ಬೇಗ ಬೇಗ ನಡುಗಿಸಿ. ಬೀಗ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಲೈಗೊದ ಕನ್ನಡಿ 40 ಕೆ.ಜಿ. ತೂಕದ್ದು. ಅದನ್ನು ಹೀಗೆ ಒಂದರ ಕೆಳಗೊಂದು ನಾಲ್ಕು ಹಂತದಲ್ಲಿ ನೇತುಹಾಕಿದ್ದಾರೆ. ಕೊನೆಯ ಹಂತದಲ್ಲಿ ಇರುವುದು ಅರ್ಧ ಮಿಲಿಮೀಟರಿಗಿಂತ ತೆಳುವಾದ ಗಾಜಿನ ಎಳೆಗಳು. ಬೇಗದ ನಡುಕ ಕೆಳಗೆ ತಲುಪುವುದೇ ಇಲ್ಲ. ಸಮುದ್ರದಂಥ ನಿಧಾನದ ಓಲಾಟ ದಾರ ಇಳಿದು ಬರುತ್ತದೆ ಎಂದು ಬೀಗದಲ್ಲೇ ಕಂಡಿರಿ. ಅದಕ್ಕೆ ಬೇರೆ ಉಪಾಯ ಇದೆ. ಕನ್ನಡಿ ನೇತುಹಾಕಿದ ಕಟ್ಟೆಯೇ ನೆಲದ ಚಲನೆಯನ್ನು ಅಳೆದು ತನ್ನನ್ನು ವಿರುದ್ಧ ದಿಕ್ಕಿಗೆ ತಳ್ಳಿಕೊಳ್ಳುತ್ತದೆ. ಜೊತೆಗೆ ವಿಜ್ಞಾನಿಗಳು ಹುಡುಕುವುದು ಸೆಕೆಂಡಿಗೆ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಸಲ ಹಿಗ್ಗಿ ಕುಗ್ಗುವ ಅಲೆಗಳನ್ನು. ಸಮುದ್ರದ ನಿಧಾನ ಗತಿ ಅದರಿಂದ ಬಹಳ ದೂರ. ಇಷ್ಟಾದರೂ ಸಮುದ್ರ ತೀರ ಕೆರಳಿದ ದಿನ ಲಿವಿಂಗ್‌ಸ್ಟನ್ನಿನ ಯಂತ್ರ ಹದ ತಪ್ಪಿ ನಿಲ್ಲುವುದುಂಟು.

ಉಳಿದದ್ದಕ್ಕೆ ಕಾವಲು. ನೆಲದ ಅದುರು, ಗಾಳಿಯ ಸದ್ದು, ವಿದ್ಯುತ್ತಿನ ಏರುಪೇರು ಎಲ್ಲವನ್ನೂ ಕೇಳುವ ಉಪಕರಣಗಳು ಸುತ್ತಲೂ ಇವೆ. ಅವುಗಳಲ್ಲಿ ಏನಾದರೂ ಕಂಡರೆ ಆ ಹೊತ್ತಿನ ದಾಖಲೆಯನ್ನು ನಂಬುವುದಿಲ್ಲ. 2017ರ ಬೇಸಿಗೆಯಲ್ಲಿ ಹ್ಯಾನ್‌ಫರ್ಡ್‌ನಲ್ಲಿ ಬಿಡಿ ಬಿಡಿ ಸದ್ದುಗಳು ಬರತೊಡಗಿದವು. ಹುಡುಕಿದರೆ, ಬಾಯಾರಿದ ಕಾಗೆ ಜಾತಿಯ ದೊಡ್ಡ ಹಕ್ಕಿಗಳು ತಣ್ಣಗಿನ ಕೊಳವೆಯ ಮೇಲೆ ಕಟ್ಟಿದ ಮಂಜನ್ನು ಕುಕ್ಕುತ್ತಿದ್ದವು! ಕುಕ್ಕಿದ ಗುರುತೂ ಸಿಕ್ಕಿತು. ಮಂಜು ಕಟ್ಟದಂತೆ ಮಾಡಿದ ಮೇಲೆ ಕಾಟ ತಪ್ಪಿತು.

ಇನ್ನೂ ಗಟ್ಟಿಯಾದದ್ದು ಎರಡು ಯಂತ್ರಗಳ ಸಾಕ್ಷಿ. ಹ್ಯಾನ್‌ಫರ್ಡ್‌ನ ಲಾರಿ ಲಿವಿಂಗ್‌ಸ್ಟನ್ನನ್ನು ಅದುರಿಸುವುದಿಲ್ಲ. ಬೆಳಕಿನ ವೇಗದ ಅಲೆಗೆ 3000 ಕಿ.ಮೀ. ದಾಟಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಅಷ್ಟರೊಳಗೆ ಎರಡೂ ಕಡೆ ಒಂದೇ ಆಕಾರದ ಏರಿಳಿತ ಕಾಣಬೇಕು. ಆದರೂ ಎರಡು ಕಡೆಯ ಬೇಡದ ಅದುರಾಟಗಳು ಅಕಸ್ಮಾತ್ ಹೊಂದಿಕೊಂಡರೆ? ಅದನ್ನು ತಿಳಿಯಲು ಒಂದು ಜಾಣ ದಾರಿ ಇದೆ. ಒಂದು ಯಂತ್ರದ ದಾಖಲೆಯನ್ನು ಬೇಕೆಂದೇ ಕೆಲವು ಸೆಕೆಂಡು ಹಿಂದೆ ಮುಂದೆ ಸರಿಸಿ ಇನ್ನೊಂದರ ಪಕ್ಕ ಇಡುತ್ತಾರೆ. ಈಗ ಏನು ಹೊಂದಿದರೂ ಅದು ಸುಳ್ಳೇ. ಹೀಗೆ ಲಕ್ಷಾಂತರ ಸಲ ಸರಿಸಿ, ಸುಳ್ಳು ಎಷ್ಟು ಸಲ ನಿಜದ ವೇಷ ಹಾಕುತ್ತದೆ ಎಂದು ಎಣಿಸುತ್ತಾರೆ. ಮೊದಲ ಅಲೆಯ ಮಟ್ಟಿಗೆ ಬಂದ ಲೆಕ್ಕ: ಅಂಥ ಸುಳ್ಳು ಎರಡು ಲಕ್ಷ ವರ್ಷಕ್ಕೆ ಒಂದು ಸಲವೂ ಬರುವುದಿಲ್ಲ.

ಇಷ್ಟೊಂದು ಅನುಮಾನ ಯಾಕೆ ಎಂದರೆ ಹಿಂದೆ ಕೈ ಸುಟ್ಟುಕೊಂಡ ಕಥೆ ಇದೆ. 1969ರಲ್ಲಿ ಜೋಸೆಫ್ ವೆಬರ್ ಎಂಬ ವಿಜ್ಞಾನಿ ದೊಡ್ಡ ಅಲ್ಯೂಮಿನಿಯಂ ದಿಂಡುಗಳಿಂದ ಗುರುತ್ವ ಅಲೆ ಹಿಡಿದೆ ಎಂದರು. ಬೇರೆಯವರು ಅಂಥದ್ದೇ ಯಂತ್ರ ಕಟ್ಟಿ ಕಾದರೆ ಏನೂ ಸಿಗಲಿಲ್ಲ. ಆ ಪಾಠ ಯಾರೂ ಮರೆತಿಲ್ಲ. 2010ರಲ್ಲಿ ಲೈಗೊ ತಂಡದ ಕೆಲವೇ ಜನ ಸೇರಿ, ಉಳಿದವರಿಗೆ ಹೇಳದೆ, ಕನ್ನಡಿಗಳನ್ನು ಚೂರೇ ಅಲುಗಿಸಿ ಸುಳ್ಳು ಅಲೆಯೊಂದನ್ನು ಒಳಗೆ ಬಿಟ್ಟರು. ನೂರಾರು ವಿಜ್ಞಾನಿಗಳು ಅದನ್ನು ಪತ್ತೆ ಮಾಡಿ, ತಿಂಗಳುಗಟ್ಟಲೆ ಪರೀಕ್ಷಿಸಿ, ಪ್ರಕಟಿಸಲು ಲೇಖನವನ್ನೂ ಸಿದ್ಧ ಮಾಡಿದರು. 2011ರಲ್ಲಿ ಎಲ್ಲರೆದುರು ಗುಟ್ಟು ಬಿಚ್ಚಿದಾಗ ಗೊತ್ತಾಯಿತು, ಅದು ಪರೀಕ್ಷೆ. ಕಳ್ಳನನ್ನು ಹಿಡಿಯಲು ಬರುತ್ತದೋ ಇಲ್ಲವೋ ನೋಡಲು ತಮ್ಮ ಮನೆಗೆ ತಾವೇ ಕನ್ನ ಹಾಕಿಕೊಂಡವರು ಇವರು. ಭಾವನವರಿಗೆ ಇದನ್ನು ಖಂಡಿತ ಹೇಳಿ.

ನಿಜವಾದದ್ದು ಬಂದದ್ದು 2015ರ ಸೆಪ್ಟೆಂಬರ್ 14, ಸೋಮವಾರ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಚೌತಿಗೆ ಮೂರು ದಿನ ಉಳಿದಿತ್ತು. ಅದೇ ಅಲೆ ಕಾರವಾರದಲ್ಲಿ ಗಣಪತಿ ಕೂರಿಸಲು ತಯಾರಿ ಮಾಡುತ್ತಿದ್ದವರ ಮೈಯೊಳಗಿಂದಲೂ ಹೋಯಿತು. ಲಿವಿಂಗ್‌ಸ್ಟನ್ನಿಗೆ ಮೊದಲು, ಸೆಕೆಂಡಿನ ಸಾವಿರದಲ್ಲಿ ಏಳು ಪಾಲು ಕಳೆದು ಹ್ಯಾನ್‌ಫರ್ಡಿಗೆ ತಲುಪಿತು. ತಂಡದವರು ಮೊದಲು ಕೇಳಿದ್ದೇ "ಇದೂ ಪರೀಕ್ಷೆಯಾ?" ಎಂದು. ಅಲ್ಲ ಎಂದು ಖಾತ್ರಿಯಾದ ಮೇಲೆ, 2016ರ ಫೆಬ್ರವರಿ 11ರಂದು ಜಗತ್ತಿಗೆ ಹೇಳಿದರು. ಮರುವರ್ಷ ರೈನರ್ ವೈಸ್, ಕಿಪ್ ಥಾರ್ನ್ ಮತ್ತು ಬ್ಯಾರಿ ಬ್ಯಾರಿಶ್ ಅವರಿಗೆ ನೊಬೆಲ್ ಬಂತು.

ಆ ಅಲೆಯ ಬಾಲದಲ್ಲಿ ಕನ್ನಡಿಗರೊಬ್ಬರ ಲೆಕ್ಕ ಇದೆ. ಹೊಸದಾಗಿ ಹುಟ್ಟಿದ ಕಪ್ಪುಕುಳಿ ಮೊದಲು ಸೊಟ್ಟಂಬಟ್ಟ ಇರುತ್ತದೆ. ನಡುಗಿ ನಡುಗಿ ತಣ್ಣಗಾಗಿ ತನ್ನ ಆಕಾರಕ್ಕೆ ಬರುತ್ತದೆ. ಆ ನಡುಕ ಎಷ್ಟು ಬೇಗದ್ದು, ಎಷ್ಟು ಬೇಗ ಅಡಗುತ್ತದೆ ಎಂಬುದು ಅದರ ತೂಕ ಮತ್ತು ತಿರುಗುವ ಗತಿಯನ್ನು ಹೇಳುತ್ತದೆ. ಕೆಣಕಿದ ಕಪ್ಪುಕುಳಿ ಹೀಗೆ ನಡುಗಿ ಅಡಗುತ್ತದೆ ಎಂದು 1970ರಲ್ಲೇ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. 2017ರ ಜನವರಿಯಲ್ಲಿ ತೀರಿಕೊಂಡರು. ಮೊದಲ ಅಲೆಯ ಸುದ್ದಿ ಕೇಳುವವರೆಗೂ ಇದ್ದರು ಎಂಬುದೇ ಸಮಾಧಾನ. 2025ರ ಜನವರಿಯಲ್ಲಿ ಸಿಕ್ಕ ಇನ್ನೊಂದು ಅಲೆಯಲ್ಲಿ ಆ ನಡುಕ ಮೊದಲಿಗಿಂತ ಎಷ್ಟೋ ಸ್ಪಷ್ಟವಾಗಿ ಕಂಡಿತು.

2017ರ ಆಗಸ್ಟ್ 17ರ ಅಲೆ ಬೇರೆ ಜಾತಿಯದು. 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಕುಗ್ಗಿ ಗಟ್ಟಿಯಾದ ತಿರುಳು) ಡಿಕ್ಕಿಯಾದವು. ಅಲೆ ಮುಗಿದು ಎರಡು ಸೆಕೆಂಡಿನೊಳಗೆ ಗಾಮಾ ಕಿರಣವೂ ಬಂತು. ಅದು ಕಣ್ಣಿಗೆ ಕಾಣದ, ತುಂಬ ಶಕ್ತಿಯ ಬೆಳಕು. ಅಷ್ಟು ದೂರ ಓಡಿ ಇಷ್ಟೇ ಅಂತರ ಎಂದರೆ ಗುರುತ್ವ ಅಲೆಯ ವೇಗವೂ ಬೆಳಕಿನ ವೇಗವೇ ಎಂದಾಯಿತು. ದೂರದರ್ಶಕಗಳು ಅತ್ತ ತಿರುಗಿ ನೋಡಿದಾಗ ಭಾರದ ಧಾತುಗಳು ಹುಟ್ಟುವ ಗುರುತು ಸಿಕ್ಕಿತು. ನಿಮ್ಮ ಕರಿಮಣಿ ಸರದ ಚಿನ್ನದಲ್ಲಿ ಒಂದು ಪಾಲಾದರೂ ಇಂಥ ಡಿಕ್ಕಿಯಲ್ಲಿ ಹುಟ್ಟಿರಬಹುದು.

ಕೊನೆಗೆ ಮಗನ ಪ್ರಶ್ನೆ. ಕಾರವಾರದಲ್ಲಿ ಕಟ್ಟಬಹುದಾ? ಕೈಗಾ ಇದೆ, ನೌಕಾನೆಲೆ ಇದೆ, ಇದೊಂದು ಯಾಕಿಲ್ಲ ಎಂದು ಅನಿಸುವುದು ಸಹಜ. ನನ್ನ ಉತ್ತರ: ಬೇಡ ಮಗಾ. ಮೊದಲನೆಯದು ಜಾಗ. ಒಂದಕ್ಕೊಂದು ಅಡ್ಡಲಾಗಿ ನಾಲ್ಕು ನಾಲ್ಕು ಕಿ.ಮೀ. ನೆಟ್ಟಗಿನ ಸಪಾಟು ನೆಲ ಬೇಕು. ಬೆಳಕು ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ನಾಲ್ಕು ಕಿ.ಮೀ.ಗೆ ಒಂದು ಮೀಟರಿಗಿಂತ ಹೆಚ್ಚು ಬಾಗು ಬರುವುದರಿಂದ ಸಪಾಟು ನೆಲದಲ್ಲೇ ಅದನ್ನು ಸರಿದೂಗಿಸಬೇಕು. ಘಟ್ಟ ಬಂದು ಸಮುದ್ರಕ್ಕೆ ತಾಗುವ ಊರಲ್ಲಿ ಅಂಥ ನೆಲ ಎಲ್ಲಿ? ಇನ್ನೊಂದು ಸದ್ದು. ಪಕ್ಕದಲ್ಲೇ ಹೆದ್ದಾರಿ, ಕೊಂಕಣ ರೈಲು, ಬಂದರು. ಮಳೆಗಾಲದ ನಾಲ್ಕು ತಿಂಗಳು ಕಡಲು ಸುಮ್ಮನಿರುವುದೇ ಇಲ್ಲ. ಶಿರಸಿ ಕಡೆ ಸದ್ದು ಕಡಿಮೆ, ಆದರೆ ಅಲ್ಲೂ ಗುಡ್ಡ, ಕಣಿವೆ, ತೋಟ, ಕಾಡು. ಕಾಡು ಕಡಿದು ನೆಲ ಮಟ್ಟ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ.

ಭಾರತದ ಲೈಗೊ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಜ್ಯೋತಿರ್ಲಿಂಗಕ್ಕೆ ಹೆಸರಾದ ಔಂಢಾ ನಾಗನಾಥದ ಹತ್ತಿರ ಬರುತ್ತಿದೆ. ಕಡಲಿಂದ ದೂರ, ದಖ್ಖನ್ ಬಯಲು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಇಂಥದ್ದೇ ಯಂತ್ರಗಳು ಇಟಲಿಯಲ್ಲಿ ವರ್ಗೊ, ಜಪಾನಿನಲ್ಲಿ ನೆಲದಡಿಯ ಕಾಗ್ರಾ ಎಂಬ ಹೆಸರಲ್ಲಿ ಈಗಾಗಲೇ ಇವೆ. ಅಲೆ ಯಾವ ಯಂತ್ರಕ್ಕೆ ಎಷ್ಟು ಮೊದಲು ತಲುಪಿತು ಎಂಬುದರಿಂದಲೇ ಅದು ಬಂದ ದಿಕ್ಕು ಗೊತ್ತಾಗಬೇಕು. ಅದಕ್ಕೆ ಯಂತ್ರಗಳು ದೂರ ದೂರ ಇದ್ದಷ್ಟೂ ಒಳ್ಳೆಯದು.

ಮಕ್ಕಳಿಗೆ ಈ ಅಲೆಗಳನ್ನು ಕೇಳಿಸಬೇಕಾದರೆ, ಸದ್ದಾಗಿ ಬದಲಿಸಿದ ಧ್ವನಿ ಅಂತರ್ಜಾಲದಲ್ಲಿ ಸಿಗುತ್ತದೆ. ಮೊದಲ ಅಲೆ ಸೆಕೆಂಡಿಗೆ 35 ಸಲದ ಕಂಪನದಿಂದ ಶುರುವಾಗಿ 250ರವರೆಗೆ ಏರುತ್ತದೆ. ಎಲ್ಲ ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಫೋನಿನ ಸ್ಪೀಕರಿಗೆ ಅಷ್ಟು ತಗ್ಗಿನ ದನಿ ಹೊರಡಿಸಲು ಬರುವುದಿಲ್ಲ, ಹಾಗಾಗಿ ಇಯರ್‌ಫೋನ್ ಹಾಕಿಕೊಂಡು ಕೇಳಲಿ. ಮಗ ಚಿಕ್ಕವನಾದ್ದರಿಂದ ನ್ಯೂಟ್ರಾನ್ ನಕ್ಷತ್ರಗಳದ್ದನ್ನು ಮೊದಲು ಕೇಳಿಸಿ. ಅದು ಸುಮಾರು ನೂರು ಸೆಕೆಂಡು ಇದೆ, ದನಿ ಏರುತ್ತಾ ಹೋಗುವುದು ಅವನಿಗೂ ಸುಲಭಕ್ಕೆ ಗೊತ್ತಾಗುತ್ತದೆ.